ನೂರು ಪ್ರತಿಯ ರಿಬಾಬ್ ಕ್ಯಾಸೆಟ್: ನನ್ನ ಅನುಭವ

ದಕ್ಷಿಣ ಮೊರಾಕ್ಕೊದ ಸೂಸ್ ಸೀಮೆಯಲ್ಲಿ ತಶೆಲ್‌ಹಿತ್ ಭಾಷೆಯಲ್ಲಿ ಹಾಡುವ ವೃತ್ತಿಗಾಯಕರಿಗೆ ರ್ವಾಯಿಸ್ ಅನ್ನುತ್ತಾರೆ, ಒಬ್ಬನಾದರೆ ರಾಯಿಸ್. ಹಾಡಿನ ಜೊತೆ ಕಮಾನಿನಿಂದ ಉಜ್ಜಿ ನುಡಿಸುವ ತಂತಿವಾದ್ಯವೇ ರಿಬಾಬ್. ಇವರ ಹಳೆಯ ಕ್ಯಾಸೆಟ್‌ಗಳಿಂದ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ನೂರೇ ಪ್ರತಿಯ ಹೊಸ ಕ್ಯಾಸೆಟ್ ಮಾಡಿ ಹಂಚುವ ಕೆಲಸ ನಮ್ಮದು. ಮುಕ್ಕಾಲು ಪಾಲು ಹೊತ್ತು ಹೋಗುವುದು ಇಳಿಸಿಕೊಳ್ಳುವುದಕ್ಕೇ. ಅಲ್ಲಿ ತಪ್ಪಿದರೆ ನೂರಕ್ಕೆ ನೂರೂ ತಪ್ಪು.

ಸಂತೆಯಲ್ಲಿ ಸಿಗುವ ಕ್ಯಾಸೆಟ್‌ಗಳ ಡಬ್ಬಿಗೆ ಬಹಳ ಸಲ ಸ್ಕ್ರೂ ಇರುವುದಿಲ್ಲ, ಅಂಚು ಬೆಸೆದಿರುತ್ತದೆ. ಒಳಗೆ ಟೇಪನ್ನು ಯಂತ್ರದ ಹೆಡ್ಡಿಗೆ, ಅಂದರೆ ಸದ್ದು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಚಿಕ್ಕ ಉಣ್ಣೆಯ ತುಂಡಿನ ಅಂಟು ಒಣಗಿ ಉದುರಿದ್ದರೆ ಸದ್ದು ಮಂಕಾಗುತ್ತದೆ, ಬಂದು ಬಂದು ಹೋಗುತ್ತದೆ. ತೆಳುವಾದ ಬ್ಲೇಡಿನಿಂದ ಅಂಚು ಬಿಡಿಸಿ, ಎರಡೂ ಸುರುಳಿಗಳನ್ನು ಐದು ಸ್ಕ್ರೂ ಇರುವ ಹೊಸ ಡಬ್ಬಿಗೆ ಕೂರಿಸಿ. ಸುರುಳಿಯ ಮೇಲೆ ಕೆಳಗೆ ಇರುವ ಜಾರುಹಾಳೆ ಮರೆಯಬೇಡಿ. ಅದಿಲ್ಲದಿದ್ದರೆ ಟೇಪು ಸಿಕ್ಕಿಕೊಳ್ಳುತ್ತದೆ. ಆಮೇಲೆ ಪೂರ್ತಿ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಓಡಿಸಿ. ಪ್ರತಿ ಟೇಪಿನ ನಂತರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಲ್ಲಿ ಹೆಡ್ ಒರೆಸಿ.

ಮುಂದಿನದು ಅಜಿಮತ್, ಅಂದರೆ ಟೇಪಿಗೆ ಹೆಡ್ ನೆಟ್ಟಗೆ ನಿಂತಿದೆಯೇ ಎಂಬುದು. ಎಡ ಬಲ ಎರಡನ್ನೂ ಕೂಡಿಸಿ ಮೋನೋದಲ್ಲಿ ಕೇಳುತ್ತಾ, ಹೆಡ್ ಪಕ್ಕದ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ಕಿವಿ ಇಡಬೇಕಾದದ್ದು ನಾಕುಸ್ ಮೇಲೆ. ಎರಡು ಲೋಹದ ಕಡ್ಡಿಗಳಿಂದ ಬಾರಿಸುವ ಕಬ್ಬಿಣದ ತುಂಡು ಅದು. ಅದರ ಪೆಟ್ಟು ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಎರಡನೆಯ ಮಗ್ಗುಲಿಗೆ ಮತ್ತೆ ಮೊದಲಿನಿಂದ. ಇದನ್ನು ಬಿಟ್ಟು ಆಮೇಲೆ ಈಕ್ವಲೈಸರ್‌ನಲ್ಲಿ ತಾರಸ್ಥಾಯಿಯನ್ನು ಏರಿಸಿದರೆ ಬರೀ ಸುಂಯ್ ಸದ್ದು ಏರುತ್ತದೆ, ಕಳೆದುಹೋದ ನಾಕುಸ್ ಬರುವುದಿಲ್ಲ. ಡಾಲ್ಬಿ, ಅಂದರೆ ಸುಂಯ್ ಸದ್ದು ತಗ್ಗಿಸುವ ವ್ಯವಸ್ಥೆ, ಇಲ್ಲದೆ ಮುದ್ರಿಸಿದ ಟೇಪಿಗೆ ಡಾಲ್ಬಿ ಹಾಕಿದರೆ ತಾರವೇ ಮಂಕಾಗುತ್ತದೆ. ರೆಕಾರ್ಡಿಂಗ್ 24 ಬಿಟ್, 96 ಕಿಲೋಹರ್ಟ್ಸ್. ಗರಿಷ್ಠ ಮಟ್ಟ ಮೈನಸ್ 6 ಡೆಸಿಬಲ್.

ವೇಗದ ಲೆಕ್ಕ ನನಗೆ ತುಂಬ ಇಷ್ಟದ್ದು. ಕ್ಯಾಸೆಟ್ ಓಡಬೇಕಾದದ್ದು ಸೆಕೆಂಡಿಗೆ 4.76 ಸೆಂ.ಮೀ. ಮೂಲ ಯಂತ್ರ ಹಾಗೆಯೇ ಓಡಿತ್ತೆಂದು ಹೇಗೆ ತಿಳಿಯುವುದು? ಶ್ರುತಿ ನೋಡಿ ಹೇಳಲಾಗದು. ರಿಬಾಬಿಗೆ ಇರುವುದು ಕುದುರೆಕೂದಲಿನ ಒಂದೇ ತಂತಿ, ಅದನ್ನು ಗಾಯಕನ ಗಂಟಲಿಗೆ ತಕ್ಕಂತೆ ಬಿಗಿಯುತ್ತಾರೆ. ಆದರೆ ಮೊರಾಕ್ಕೊದ ಕರೆಂಟು 50 ಹರ್ಟ್ಸ್. ಹಾಡಿನ ನಡುವಿನ ಮೌನದಲ್ಲಿ ಕರೆಂಟಿನ ಗುಂಯ್‌ಗುಡುವಿಕೆ ಟೇಪಿಗೇ ಅಂಟಿದ್ದರೆ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಯಾವ ಕಂಪನ ಎಷ್ಟಿದೆಯೆಂದು ತೋರಿಸುವ ನಕ್ಷೆಯಲ್ಲಿ, ಅಳೆಯಿರಿ. 52 ಬಂದರೆ ಹಾಡು ಶೇ. 4ರಷ್ಟು ಜೋರಾಗಿ ಓಡುತ್ತಿದೆ, ವೇಗವನ್ನು 0.9615ರಿಂದ ಗುಣಿಸಿ. ನಿಮ್ಮ ಡೆಕ್ಕಿನದೇ ಗುಂಯ್ ಅಲ್ಲವೆಂದು ಖಾಲಿ ಟೇಪು ಓಡಿಸಿ ಮೊದಲೇ ಖಾತ್ರಿ ಮಾಡಿಕೊಳ್ಳಿ. ಎರಡು ಶಿಖರ ಕಂಡರೆ ಅದು ಪ್ರತಿಯ ಪ್ರತಿ, ಒಂದೊಂದು ಯಂತ್ರವೂ ತನ್ನದೊಂದು ಗುಂಯ್ ಸೇರಿಸಿದೆ. ಬ್ಯಾಟರಿಯಲ್ಲಿ ಮುದ್ರಿಸಿದ್ದಾದರೆ ಗುಂಯ್ ಇಲ್ಲ; ಹಾಡಿದವರನ್ನೋ ಅವರ ಜೊತೆ ನುಡಿಸಿದವರನ್ನೋ ಕೇಳಿಯೇ ತೀರ್ಮಾನಿಸಬೇಕು.

ಸುಂಯ್ ಸದ್ದು ತೆಗೆಯುವ ಸಾಫ್ಟ್‌ವೇರ್ ಮೇಲೆ ನನಗೆ ನಂಬಿಕೆ ಕಡಿಮೆ. ಕೂದಲಿನ ತಂತಿಗೆ ಕೂದಲಿನ ಕಮಾನು ಉಜ್ಜಿದಾಗ ಬರುವ ಒರಟು ಉಸಿರನ್ನೂ ಅದು ಕಸವೆಂದೇ ಗುಡಿಸುತ್ತದೆ. 3 ಡೆಸಿಬಲ್ ಇಳಿಸಿ, ಸಾಕು.

ಜೋಡಣೆಯಲ್ಲಿ ಅಸ್ತಾರವನ್ನು ಕತ್ತರಿಸಬೇಡಿ. ಹಾಡಿಗೆ ಮುಂಚೆ ತಾಳವಿಲ್ಲದೆ ರಿಬಾಬ್ ಒಂದೇ ನುಡಿಯುವ ಪೀಠಿಕೆ ಅದು. 1930ರ ದಶಕದಲ್ಲಿ ಹಳೆಯ ರಾಯಿಸ್ ಹಾಜ್ ಬೆಲೈದ್ ಹಾಡಿದ್ದು 78 ಆರ್‌ಪಿಎಂ ತಟ್ಟೆಗೆ, ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ; ಆಗ ಬೇರೆ ದಾರಿ ಇರಲಿಲ್ಲ. ಸಿ-60 ಟೇಪಿನಲ್ಲಿ ಮಗ್ಗುಲಿಗೆ 30 ನಿಮಿಷವಿದೆ. ಎಲ್‌ಪಿಯಲ್ಲಿ 20 ದಾಟಿದರೆ ಸದ್ದು ಸಣ್ಣದಾಗುತ್ತದೆ. ಅದೂ ಅಲ್ಲದೆ 300 ಪ್ರತಿಗಿಂತ ಕಡಿಮೆ ಮಾಡಿಸಿದರೆ ಪ್ರತಿಯ ಬೆಲೆ ಕೈಗೆಟುಕದು. ಸಿ-90 ಬೇಡವೇ ಬೇಡ. ಅದರ ಟೇಪು 12 ಮೈಕ್ರಾನ್, ಸಿ-60ರದ್ದು 18, ತೆಳುವಾದದ್ದು ಹಿಗ್ಗುತ್ತದೆ. ಎರಡು ಮಗ್ಗುಲಿಗೂ ಒಂದು ನಿಮಿಷಕ್ಕಿಂತ ಹೆಚ್ಚು ಅಂತರ ಇರದಂತೆ ನೋಡಿಕೊಳ್ಳಿ.

ನೂರು ಪ್ರತಿಗೆ ಒಪ್ಪಿಗೆ ಕೊಡುವ ಮೊದಲು ಒಂದು ಮಾದರಿ ತರಿಸಿ. ನಮಗೆ ಬಂದ ಮೊದಲ ಮಾದರಿಯಲ್ಲಿ ನಾಕುಸ್ ಪೆಟ್ಟೆಲ್ಲ ಜರ್ ಎಂದು ಹರಿದಿತ್ತು. ಮೀಟರಿನಲ್ಲಿ ತಪ್ಪೇನೂ ಕಾಣಲಿಲ್ಲ. ಕ್ಯಾಸೆಟ್‌ಗೆ ಮುದ್ರಿಸುವಾಗ ತಾರದ ಭಾಗವನ್ನು ಎತ್ತಿ ಕೊಡುವುದರಿಂದ ಆ ಭಾಗವೇ ಟೇಪಿನಲ್ಲಿ ಮೊದಲು ತುಂಬಿ ಚೆಲ್ಲುತ್ತದೆ. ಮಟ್ಟ 3 ಡೆಸಿಬಲ್ ಇಳಿಸಿಸಿದಾಗ ಸರಿಹೋಯಿತು.

ಹೊದಿಕೆಯ ಮೇಲೆ ‘ಬರ್ಬರ್’ ಎಂದು ಹಾಕುವುದಿಲ್ಲ. ಅದು ಹೊರಗಿನವರಿಟ್ಟ ಹೆಸರು, ಈ ಜನ ತಮ್ಮನ್ನು ಹೇಳಿಕೊಳ್ಳುವುದು ಅಮಾಜಿಗ್ ಎಂದು. ಹೆಸರುಗಳು ತಿಫಿನಾಗ್ (ಅಮಾಜಿಗ್ ಜನರ ಲಿಪಿ), ಅರಬ್ಬಿ, ಲ್ಯಾಟಿನ್ ಮೂರೂ ಲಿಪಿಯಲ್ಲಿರುತ್ತವೆ. ತಿಫಿನಾಗ್ ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸಿಯೇ ಫೈಲು ಕೊಡಿ, ಇಲ್ಲವಾದರೆ ಪ್ರೆಸ್ಸಿನಲ್ಲಿ ಖಾಲಿ ಚೌಕಗಳು ಅಚ್ಚಾಗುತ್ತವೆ. ಹಾಡಿಗೆ ಹೆಸರಿಲ್ಲದಿದ್ದರೆ ಮೊದಲ ಸಾಲೇ ಹೆಸರು.

ಒಪ್ಪಿಗೆ ಬರೆಸಿಕೊಳ್ಳುವಾಗ ಹಾಡಿದವರು, ಪದ್ಯ ಕಟ್ಟಿದವರು, ಹಳೆಯ ಕ್ಯಾಸೆಟ್ ತಂದವರು ಬೇರೆ ಬೇರೆ ಇರಬಹುದೆಂದು ನೆನಪಿರಲಿ. ಪತ್ರ ಫ್ರೆಂಚಿನಲ್ಲಿದ್ದರೂ ತಶೆಲ್‌ಹಿತ್‌ನಲ್ಲಿ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ. ಹಣ ಮಾರಾಟಕ್ಕೆ ಮೊದಲೇ ಸಂದಾಯ. ನೂರರಲ್ಲಿ 15 ಪ್ರತಿ ಹಾಡಿದವರ ಮನೆಗೆ, ಜೊತೆಗೊಂದು ಪೆನ್‌ಡ್ರೈವ್. ಅದರಲ್ಲಿ ಎಂಪಿ3 ಕೂಡ ಇರಲಿ. 96 ಕಿಲೋಹರ್ಟ್ಸ್ ಫೈಲು ಕಾರಿನ ಸ್ಟೀರಿಯೊದಲ್ಲಿ ಓಡದಿದ್ದರೆ ಅವರು ಕೇಳುವುದೆಲ್ಲಿ?