ಕೀಬೋರ್ಡ್ ಇರುವ ಫೋನಿಗೆ ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕು?

ಗುಂಡಿ ಒತ್ತಿ ಟೈಪ್ ಮಾಡುವ ಸ್ಮಾರ್ಟ್‌ಫೋನ್ ಇಟ್ಟುಕೊಂಡವರು ಈಗ ಕಡಿಮೆ. ಎಫ್‌ಎಕ್ಸ್‌ಟೆಕ್ ಪ್ರೊ1, ಜೆಮಿನಿ ಪಿಡಿಎ, ಬ್ಲ್ಯಾಕ್‌ಬೆರಿ ಕೀಒನ್, ಇನ್ನೂ ಹಳೆಯದೆಂದರೆ ನೋಕಿಯಾ ಎನ್900, ಹೀಗೆ ಬೆರಳೆಣಿಕೆಯ ಹೆಸರುಗಳು. ಇವುಗಳ ಕಷ್ಟ ಒಂದೇ: ಗುಂಡಿಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ, ಅಪ್‌ಡೇಟ್ ಮಾತ್ರ ನಿಂತುಹೋಗಿರುತ್ತದೆ. ಪ್ರೊ1 2019ರಲ್ಲಿ ಬಂದಾಗ ಅದರಲ್ಲಿದ್ದದ್ದು ಆಂಡ್ರಾಯ್ಡ್ 9. ಅದರಲ್ಲೇ ಎಷ್ಟು ದಿನ ದೂಡೋದು?

ಯಾವ ಓಎಸ್ (ಆಪರೇಟಿಂಗ್ ಸಿಸ್ಟಂ) ಚೆಂದ ಅಂತ ಸ್ಕ್ರೀನ್‌ಶಾಟ್ ನೋಡುತ್ತಾ ಕೂರುವ ಮೊದಲು ಬೂಟ್‌ಲೋಡರ್ ತೆರೆಯುತ್ತದೋ ಇಲ್ಲವೋ ನೋಡಿ. ಫೋನ್ ಆನ್ ಆದಾಗ ಓಎಸ್ ಅನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ ಅದು, ಅದಕ್ಕೆ ಕಂಪನಿ ಹಾಕಿದ ಬೀಗ ತೆರೆದರಷ್ಟೇ ಬೇರೆ ಓಎಸ್ ಹಾಕಬಹುದು. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ, ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿ. ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಓಇಎಂ ಅನ್‌ಲಾಕಿಂಗ್ ಅನ್ನುವ ಸ್ವಿಚ್ ಇದ್ದು, ಒತ್ತಿದರೆ ಆನ್ ಆಗಬೇಕು. ಕೀಒನ್, ಕೀ2 ಇದ್ದವರು ಈ ಲೇಖನ ಇಲ್ಲಿಗೇ ನಿಲ್ಲಿಸಬಹುದು, ಅವುಗಳ ಬೀಗ ತೆರೆಯುವುದಿಲ್ಲ.

ಆಮೇಲೆ ಮಾಡೆಲ್ ಸರಿಯಾಗಿ ಓದಿ. ಪ್ರೊ1 ಮತ್ತು ಪ್ರೊ1 ಎಕ್ಸ್ ನೋಡಲು ಅಕ್ಕತಂಗಿಯರಂತಿವೆ. ಆದರೆ ಮೊದಲನೆಯದರಲ್ಲಿ ಸ್ನ್ಯಾಪ್‌ಡ್ರ್ಯಾಗನ್ 835, ಎರಡನೆಯದರಲ್ಲಿ 662. ಒಂದರ ಓಎಸ್ ಫೈಲ್ ಇನ್ನೊಂದಕ್ಕೆ ಆಗಿಬರಲ್ಲ.

ಮುಂದಿನದು ನಿಜವಾದ ಪ್ರಶ್ನೆ. ಇದು ನಿಮ್ಮ ಒಂದೇ ಫೋನಾ, ಜೊತೆಗೆ ಇನ್ನೊಂದು ಇದೆಯಾ? ಒಂದೇ ಆದರೆ ನಾನು ಹೇಳುವುದು ಲೀನಿಯೇಜ್ ಓಎಸ್. ಇದೂ ಆಂಡ್ರಾಯ್ಡೇ, ನೀವು ಬಳಸುವ ಆ್ಯಪ್‌ಗಳು ಬಹುತೇಕ ಓಡುತ್ತವೆ. ಪ್ರೊ1, ಪ್ರೊ1 ಎಕ್ಸ್ ಎರಡಕ್ಕೂ ಅಧಿಕೃತ ಬಿಲ್ಡ್ ಬಂದಿವೆ. ಗೂಗಲ್ ಆ್ಯಪ್‌ಗಳು ಅದರಲ್ಲಿ ಇರುವುದಿಲ್ಲ, ಬೇಕಿದ್ದರೆ ಓಎಸ್ ಹಾಕಿದ ಕೂಡಲೇ, ಮೊದಲ ಸಲ ಆನ್ ಮಾಡುವುದಕ್ಕೂ ಮುಂಚೆ ಹಾಕಿಬಿಡಬೇಕು. ಬ್ಯಾಂಕ್ ಆ್ಯಪ್ ವಿಷಯದಲ್ಲಿ ಮಾತ್ರ ಭರವಸೆ ಕೊಡಲಾರೆ. ಬೂಟ್‌ಲೋಡರ್ ತೆರೆದಿದೆ ಅಂತ ಗೂಗಲ್‌ನ ಪರೀಕ್ಷೆಯಲ್ಲಿ ಗೊತ್ತಾದರೆ ಕೆಲವು ಆ್ಯಪ್‌ಗಳು ಬಾಗಿಲು ಹಾಕಿಕೊಳ್ಳುತ್ತವೆ.

ಇನ್ನೊಂದು ಫೋನ್ ಇದೆ ಅಂದರೆ ಆಟ ಶುರು. ಇನ್ನು ಹೇಳುವವು ಆಂಡ್ರಾಯ್ಡ್ ಅಲ್ಲ, ಕಂಪ್ಯೂಟರಿನ ಲಿನಕ್ಸ್‌ನ ಬಂಧುಗಳು. ಫಿನ್‌ಲ್ಯಾಂಡಿನ ಯೊಲ್ಲಾ ಕಂಪನಿಯ ಸೈಲ್‌ಫಿಶ್ ಬಳಸಲು ಬಹಳ ಹಿತ, ಎಲ್ಲವೂ ಬೆರಳು ಎಳೆಯುವುದರಲ್ಲೇ ಮುಗಿಯುತ್ತದೆ. ಆದರೆ ಆಸಕ್ತರೇ ಸೇರಿ ತಮ್ಮ ಫೋನಿಗೆ ಹೊಂದಿಸಿದ ಆವೃತ್ತಿಯಲ್ಲಿ ಯೊಲ್ಲಾದ ಆಂಡ್ರಾಯ್ಡ್ ಬೆಂಬಲ, ಅಂದರೆ ಆಂಡ್ರಾಯ್ಡ್ ಆ್ಯಪ್ ಓಡಿಸುವ ಸೌಲಭ್ಯ, ಸಿಗುವುದಿಲ್ಲ. ಉಬುಂಟು ಟಚ್ ಅನ್ನು ಕೆನಾನಿಕಲ್ 2017ರಲ್ಲಿ ಕೈಬಿಟ್ಟಿತು, ಯುಬಿಪೋರ್ಟ್ಸ್ ತಂಡ ಎತ್ತಿಕೊಂಡು ಸಾಕುತ್ತಿದೆ. ಎನ್900 ಇದ್ದರೆ ಮೇಮೊ ಲೆಸ್ಟೆ ಅಥವಾ ಪೋಸ್ಟ್‌ಮಾರ್ಕೆಟ್ ಓಎಸ್ ನೋಡಿ. 256 ಎಂಬಿ ರ‍್ಯಾಮ್‌ನಲ್ಲಿ ಇವತ್ತಿನ ವೆಬ್‌ಸೈಟ್ ತೆರೆಯುವ ಆಸೆ ಮಾತ್ರ ಬೇಡ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್‌ಗೆ ಸಾಕು.

ಯಾವುದನ್ನೇ ಆರಿಸಿದರೂ ನಿಮ್ಮ ಮಾಡೆಲ್‌ನಲ್ಲಿ ಏನು ಕೆಲಸ ಮಾಡುತ್ತದೆ ಅನ್ನುವ ಪಟ್ಟಿ ಓದಿ. ಕ್ಯಾಮೆರಾ, ಜಿಪಿಎಸ್ ಆಮೇಲೆ. ಮೊದಲು ವೋಲ್ಟಿ, ಅಂದರೆ 4ಜಿ ಮೂಲಕವೇ ಕರೆ ಮಾಡುವ ಸೌಲಭ್ಯ, ಇದೆಯಾ ನೋಡಿ. 2ಜಿ, 3ಜಿ ಮುಚ್ಚಿರುವ ಕಡೆ ವೋಲ್ಟಿ ಇಲ್ಲದಿದ್ದರೆ ಇಂಟರ್ನೆಟ್ ಓಡುತ್ತದೆ, ಕರೆ ಮಾತ್ರ ಹೋಗುವುದೇ ಇಲ್ಲ.

ಇನ್ನು ಕೀಬೋರ್ಡ್. ಫೋನ್ ತಗೊಂಡಿದ್ದೇ ಅದಕ್ಕಲ್ವಾ? ಅಕ್ಷರಗಳು ಮೂಡಿದರೆ ಎಲ್ಲ ಸರಿ ಅಂದುಕೊಳ್ಳಬೇಡಿ. ಒಂದು ಸಾಲು ಟೈಪ್ ಮಾಡಿ. ಶಿಫ್ಟ್ ಹಿಡಿದು ಬಾಣದ ಗುಂಡಿಯಿಂದ ಒಂದು ಪದ ಆಯ್ದು, ಕಂಟ್ರೋಲ್-ಸಿ, ಕಂಟ್ರೋಲ್-ವಿ ಒತ್ತಿ. ಗುಂಡಿಯ ಮೂಲೆಯಲ್ಲಿ ಅಚ್ಚಾಗಿರುವ ಚಿಹ್ನೆಯೇ ಪರದೆ ಮೇಲೆ ಬರುತ್ತದಾ ನೋಡಿ. ಒಂದು ಗುಂಡಿಯನ್ನು ಒತ್ತಿಯೇ ಹಿಡಿದು, ಅಕ್ಷರ ಮತ್ತೆ ಮತ್ತೆ ಮೂಡುತ್ತದಾ ನೋಡಿ. ಕೀಬೋರ್ಡ್ ಹೊರಗೆ ಎಳೆದಾಗ ಪರದೆ ಅಡ್ಡಕ್ಕೆ ತಿರುಗಬೇಕು, ಟಚ್ ಕೀಬೋರ್ಡ್ ತಾನಾಗಿ ಮರೆಯಾಗಬೇಕು. ಆಂಡ್ರಾಯ್ಡ್‌ನಲ್ಲಿ ಎಷ್ಟೋ ಆ್ಯಪ್‌ಗಳು ಏನು ಮಾಡಿದರೂ ನೆಟ್ಟಗೆ ನಿಂತೇ ಇರುತ್ತವೆ, ಅದು ಓಎಸ್‌ನ ತಪ್ಪಲ್ಲ. ಗುಂಡಿಯಲ್ಲೇ ಕನ್ನಡ ಬರೆಯುವವರಿಗೆ ಲಿನಕ್ಸ್ ಕಡೆ ಒಂದು ಅನುಕೂಲ ಇದೆ: ಅದರ ಕೀಬೋರ್ಡ್ ವಿನ್ಯಾಸಗಳಲ್ಲಿ ಕನ್ನಡ ಇದೆ, ಕಗಪ (ಕನ್ನಡ ಗಣಕ ಪರಿಷತ್ತಿನ ವಿನ್ಯಾಸ) ಕೂಡ ಇದೆ.

ತೀರ್ಮಾನ ಆದ ಮೇಲೆ ಬ್ಯಾಕಪ್. ಅನ್‌ಲಾಕ್ ಮಾಡಿದ ಕ್ಷಣ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಕಂಪನಿಯ ಮೂಲ ಫರ್ಮ್‌ವೇರ್ ಫೈಲ್ (ಫೋನಿನ ಜೊತೆ ಬಂದ ಓಎಸ್) ಸಿಗುತ್ತಿದ್ದರೆ ಈಗಲೇ ಇಳಿಸಿಟ್ಟುಕೊಳ್ಳಿ, ಚಿಕ್ಕ ಕಂಪನಿಗಳ ಡೌನ್‌ಲೋಡ್ ಪುಟ ನಾಳೆಯೂ ಇರುತ್ತದೆ ಅನ್ನುವಂತಿಲ್ಲ. ಸೈಲ್‌ಫಿಶ್, ಉಬುಂಟು ಟಚ್‌ಗಳು ಇಂಥ ಫೋನಿನಲ್ಲಿ ಆಂಡ್ರಾಯ್ಡ್‌ನ ಡ್ರೈವರ್‌ಗಳನ್ನೇ ನೆಚ್ಚಿಕೊಂಡಿರುತ್ತವೆ. ಹಾಗಾಗಿ ಯಾವ ಆಂಡ್ರಾಯ್ಡ್ ಆವೃತ್ತಿಯ ಮೇಲೆ ಹಾಕಬೇಕು ಅಂತ ಸೂಚನೆಯಲ್ಲಿದ್ದರೆ ಮೊದಲು ಅದಕ್ಕೇ ಬನ್ನಿ, ಹೊಸದಿದ್ದರೆ ಒಳ್ಳೇದು ಅಂತ ಸುಮ್ನೆ ಮುಂದೆ ಹೋಗಬೇಡಿ. ಸೂಚನೆಯಲ್ಲಿ ಹೆಸರಿಸದ ಪಾರ್ಟಿಷನ್ (ಫೋನಿನ ಮೆಮೊರಿಯ ವಿಭಾಗ) ಮುಟ್ಟಬೇಡಿ, ಸೆನ್ಸರ್‌ಗಳ ಹೊಂದಾಣಿಕೆಯ ಲೆಕ್ಕ ಇರುವುದು ಅಂಥ ಒಂದರಲ್ಲೇ. ಹೊಸದು ಕೂತ ಮೇಲೆ ಭದ್ರತೆಗೆ ಅಂತ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಲು ಹೋಗಬೇಡಿ. ಬೇರೆ ಓಎಸ್ ಇರುವಾಗ ಬೀಗ ಬಿದ್ದರೆ ಹೆಚ್ಚಿನ ಫೋನುಗಳು ಆನ್ ಆಗುವುದೇ ಇಲ್ಲ.