ಹೆಗಲು ಎರಡೇ ಥೌ ಇಳಿಯಲಿ

ಕಳೆದ ಭಾನುವಾರ ಚಿಂಚವಾಡದ ಮನೆಯಲ್ಲಿ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದೆ. ಟೆಕ್ಸಾಸಿನಿಂದ ಅಳಿಯನ ವೀಡಿಯೊ ಕರೆ ಬಂತು. "ಮಾವ, ತೋಟಾ ಡೈಯೊಳಗೆ ಸಿಕ್ಕಿಕೊಂಡಿದೆ. ಎಳೆದರೆ ಬುಡದ ಅಂಚೇ ಕಿತ್ತುಬಂತು."

"ಎಣ್ಣೆ ಹಚ್ಚಿದ್ದಿರೇನು?"

ಅತ್ತ ಕಡೆಯಿಂದ ಸದ್ದಿಲ್ಲ.

ನಾನು ಪಿಂಪ್ರಿಯ ಟೂಲ್‌ರೂಮಿನಲ್ಲಿ 31 ವರ್ಷ ಡೈ ಮಾಡಿದವನು. ಮಗಳ ಮನೆಗೆ ಹೋದಾಗಲೆಲ್ಲ ಅಳಿಯಂದಿರ ಗ್ಯಾರೇಜೇ ನನ್ನ ಠಿಕಾಣಿ. ಅವರದು .308 ವಿಂಚೆಸ್ಟರ್ ಬೋಲ್ಟ್ ರೈಫಲ್. ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ತೋಟಾಗಳನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಪ್ರೆಸ್ಸಿನಿಂದ ಒತ್ತಿ, ಮತ್ತೆ ಅಳತೆಗೆ ತಂದು ಬಳಸುತ್ತಾರೆ. ಅಲ್ಲಿ ಅದು ಸಾಮಾನ್ಯ ಹವ್ಯಾಸ. ಇಲ್ಲಿ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಹಾಗಾಗಿ ಇದನ್ನು ಓದಿ ಪುಣೆಯಲ್ಲಿ ಯಾರೂ ಪ್ರೆಸ್ ಕೊಳ್ಳಲು ಹೋಗಬೇಡಿ. ಅಳಿಯಂದಿರಂತೆ ಹೊರದೇಶದಲ್ಲಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಆರಿಸುವ ಕೆಲಸ. ತೋಟಾದ ಬಾಯಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಿರಿ. ಬುಡದಿಂದ ತುಸು ಮೇಲೆ ಹೊಳೆಯುವ ಉಂಗುರ ಕಂಡರೆ ಅನುಮಾನ ಪಡಿ. ತಂತಿಯ ತುದಿಯನ್ನು ಚೂಪು ಮಾಡಿ, ಕೊಕ್ಕೆಯಂತೆ ಬಾಗಿಸಿ ಒಳಗೋಡೆಯ ಮೇಲೆ ಎಳೆದು ನೋಡಿ. ಹಳ್ಳಕ್ಕೆ ತುದಿ ತಡೆದರೆ ಅಲ್ಲಿ ಗೋಡೆ ತೆಳುವಾಗಿದೆ, ಮುಂದಿನ ಗುಂಡಿಗೆ ತೋಟಾ ಅಲ್ಲೇ ತುಂಡಾಗಬಹುದು.

ತೊಳೆಯಲು ಬಿಸಿನೀರಿಗೆ ಸ್ವಲ್ಪ ಸಿಟ್ರಿಕ್ ಆಮ್ಲ ಸಾಕು. ನನ್ನ ಹೆಂಡತಿ ದೀಪದ ಕಂಬಕ್ಕೆ ಹುಣಸೆಹಣ್ಣು ಹಚ್ಚುವುದೂ ಇದೇ ಲೆಕ್ಕ. ಹುಳಿ ಜಾಸ್ತಿಯಾದರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಮೋನಿಯ ಇರುವ ಪಾಲಿಷ್ ಮಾತ್ರ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲೇ ಮಳೆಗಾಲದಲ್ಲಿ ಕುದುರೆಲಾಯಗಳಲ್ಲಿ ಇಟ್ಟ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯವೇ ಕಾರಣವೆಂದು 1921ರಲ್ಲಿ ವಿವರಣೆ ಸಿಕ್ಕಿತು.

ಈಗ ಡೈ. ಗುಂಡು ಹಾರಿದಾಗ ಹಿತ್ತಾಳೆ ಉಬ್ಬಿ ರೈಫಲಿನಲ್ಲಿ ತೋಟಾ ಕೂರುವ ಕೋಣೆಯ ಗೋಡೆಗೆ ಒತ್ತಿಕೊಳ್ಳುತ್ತದೆ, ಆಮೇಲೆ ಸ್ವಲ್ಪವೇ ಹಿಂದೆ ಸರಿಯುತ್ತದೆ. ಎಂದರೆ ಹಾರಿಸಿದ ತೋಟಾ ನಿಮ್ಮ ರೈಫಲಿನದೇ ಅಚ್ಚು. ಅದನ್ನು ಹೊಸದರಷ್ಟು ಚಿಕ್ಕದು ಮಾಡುವ ಅಗತ್ಯವಿಲ್ಲ. ಡೈಯ ಜೊತೆ ಬರುವ ಚೀಟಿ, ತೋಟಾದ ಬುಡ ಹಿಡಿಯುವ ಹಿಡಿಕೆಗೆ ಡೈ ತಾಗಿದ ಮೇಲೂ ಇನ್ನಷ್ಟು ತಿರುಗಿಸಿ ಎನ್ನುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಹೆಗಲು, ಅಂದರೆ ತೋಟಾದ ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು, ಅತಿಯಾಗಿ ಇಳಿದರೆ ಪ್ರತಿ ಸಲವೂ ತೋಟಾ ಉದ್ದಕ್ಕೆ ಹಿಗ್ಗಿ, ಬುಡದ ಬಳಿ ತೆಳ್ಳಗಾಗುತ್ತದೆ.

ಹಾರಿಸಿದ ತೋಟಾದ ಬುಡದಲ್ಲಿರುವ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು) ತೆಗೆದು, ಬುಡದಿಂದ ಹೆಗಲಿನವರೆಗೆ ವರ್ನಿಯರ್‌ಗೆ ಗೇಜ್ ಸಿಕ್ಕಿಸಿ ಅಳೆಯಿರಿ. ಡೈಯನ್ನು ಚೂರುಚೂರೇ ಇಳಿಸುತ್ತ, ಪ್ರತಿ ಸಲ ಒತ್ತಿದ ಮೇಲೆ ಮತ್ತೆ ಅಳೆಯಿರಿ. ಇಲ್ಲಿ ಒಂದು ತಮಾಷೆಯಿದೆ: ಮೊದಲಿಗೆ ಅಳತೆ ಹೆಚ್ಚಾಗುತ್ತದೆ! ಮೈಯನ್ನು ಹಿಂಡಿದಾಗ ಹಿತ್ತಾಳೆಗೆ ಹೋಗಲು ಬೇರೆ ದಾರಿಯಿಲ್ಲ, ಹೆಗಲು ಮುಂದಕ್ಕೆ ಬರುತ್ತದೆ. ಗಾಬರಿಯಾಗದೆ ಇಳಿಸುತ್ತ ಹೋಗಿ. ಮೂಲ ಅಳತೆಗಿಂತ ಎರಡು ಥೌ (ಒಂದು ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ), ಅಂದರೆ 0.05 ಮಿ.ಮೀ. ಕಡಿಮೆಯಾದಲ್ಲಿ ಡೈಯನ್ನು ಬಿಗಿ ಮಾಡಿ. ತಾನೇ ತುಂಬಿಕೊಳ್ಳುವ ರೈಫಲ್ ಆದರೆ ಮೂರು-ನಾಲ್ಕು ಥೌ.

ಎಣ್ಣೆಯನ್ನು ಬೆರಳಿನಿಂದ ಮೈಗೆ ತೆಳ್ಳಗೆ ಸವರಿ, ಕತ್ತಿನ ಒಳಗೂ ಒಂದಿಷ್ಟು. ಹೆಗಲಿಗೆ ಬೇಡ, ಅಲ್ಲಿ ಎಣ್ಣೆ ನಿಂತರೆ ಹೆಗಲಿನ ಮೇಲೆ ಗುಳಿ ಬೀಳುತ್ತದೆ. ಕೆಲಸ ಮುಗಿದ ಮೇಲೆ ಎಣ್ಣೆಯನ್ನು ಪೂರ್ತಿ ಒರೆಸಿ.

ಒತ್ತಿದ ತೋಟಾ ಉದ್ದವಾಗಿರುತ್ತದೆ. .308ಕ್ಕೆ ಗರಿಷ್ಠ ಉದ್ದ 51.18 ಮಿ.ಮೀ., ಮೀರಿದರೆ 50.93ಕ್ಕೆ ಕತ್ತರಿಸಿ ಬಾಯಿಯ ಒಳಹೊರಗಿನ ಚೂಪು ತೆಗೆಯಿರಿ. ಹೊಸ ಪ್ರೈಮರ್ ಸಡಿಲವಾಗಿ ಕೂತರೆ ತೋಟಾದ ಆಯುಷ್ಯ ಮುಗಿದಂತೆ.

ಅಳಿಯಂದಿರಿಗೆ ಹೇಳಿದ್ದು ಇಷ್ಟು: ಡೈಯ ಒಳಗಿನ ಸರಳನ್ನು ಆದಷ್ಟು ಮೇಲಕ್ಕೆ ತಿರುಗಿಸಿ ಸರಿಸಿ, ತೋಟಾದ ಬುಡದಲ್ಲಿ ತೂತು ಕೊರೆದು ಟ್ಯಾಪ್ ಹಾಕಿ, ಬುಡಕ್ಕಿಂತ ದೊಡ್ಡದೊಂದು ನಟ್ಟನ್ನು ಡೈಯ ಬಾಯಿಗೆ ಆಸರೆ ಕೊಟ್ಟು ಅದರ ಮೂಲಕ ಬೋಲ್ಟ್ ಬಿಗಿಸಿ. ಹತ್ತು ನಿಮಿಷಕ್ಕೆ ತೋಟಾ ಟಪ್ಪನೆ ಹೊರಬಂತು. ನೋಡಿದರೆ ಒಂದು ಮಗ್ಗುಲು ಪೂರ್ತಿ ಒಣಗಿತ್ತು.