ಸಿಂಗಾಪುರದ ಕಾಡುದಾರಿಯಲ್ಲಿ ಓಡಲು ಹೊರಟವರಿಗೆ

ಬೆಂಗಳೂರಿನಿಂದ ಹೊಸದಾಗಿ ಸಿಂಗಾಪುರಕ್ಕೆ ಬಂದ ನಮ್ಮವರು ನನ್ನನ್ನು ಮೊದಲು ಕೇಳುವುದು, "ಇಲ್ಲಿ ಬೆಟ್ಟ ಎಲ್ಲಿದೆ?" ಅಂತ. ಕುಮಾರ ಪರ್ವತ ಹತ್ತಿ ಇಳಿದವರಿಗೆ ಈ ದ್ವೀಪದ ಅತಿ ಎತ್ತರದ ಗುಡ್ಡ ಬುಕಿತ್ ತಿಮಾ ಬರೀ 163.63 ಮೀಟರ್ ಅಂದ ಕೂಡಲೇ ಉತ್ಸಾಹ ಇಳಿದುಹೋಗುತ್ತದೆ. ಅದೇ ಜನ ಮೊದಲ ಭಾನುವಾರ ಮ್ಯಾಕ್‌ರಿಚಿ ಕಾಡಿನಲ್ಲಿ ಅರ್ಧ ದಾರಿಗೇ ಬೆಂಚಿನ ಮೇಲೆ ಕೂತುಬಿಟ್ಟಿರುತ್ತಾರೆ. ಇಲ್ಲಿ ಸುಸ್ತು ಮಾಡುವುದು ಗಾಳಿಯಲ್ಲಿರುವ ತೇವ. ಅದರ ಜೊತೆ ಹೊಂದಿಕೊಳ್ಳುವುದು ಕಲಿತರೆ, ಎಂಆರ್‌ಟಿ ರೈಲಿನಲ್ಲಿ ಹೋಗಿ ಮಳೆಕಾಡಿನೊಳಗೆ ಓಡಿ ಮನೆಗೆ ಬರಬಹುದಾದ ಅಪರೂಪದ ಊರು ಇದು.

ನಾನು ಪುತ್ತೂರಿನ ಕಡೆಯವಳು. ಸೆಕೆ ನನಗೆ ಹೊಸದಲ್ಲ. ಆದರೂ ನಮ್ಮೂರಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ ಒಂದಿಷ್ಟು ತಂಪು ಸಿಗುತ್ತದೆ. ಇಲ್ಲಿ ಅದೂ ಇಲ್ಲ. ಭೂಮಧ್ಯ ರೇಖೆ ಇಲ್ಲಿಂದ ಒಂದೂವರೆ ಡಿಗ್ರಿಯಷ್ಟೂ ದೂರ ಇಲ್ಲ. ವರ್ಷ ಪೂರ್ತಿ ಹಗಲು 31, 32 ಡಿಗ್ರಿ, ರಾತ್ರಿ 25ರ ಆಸುಪಾಸು.

ಎಷ್ಟು ಹೊತ್ತಿಗೆ ಹೊರಡಬೇಕು

ನಮ್ಮ ಓಟಗಾರರಿಗೆ ಬೆಳಗ್ಗೆ ಐದೂವರೆಗೆ ಹೊರಡುವ ಅಭ್ಯಾಸ. ಇಲ್ಲಿ ಆ ಹೊತ್ತಿಗೆ ಕಗ್ಗತ್ತಲೆ. ಸೂರ್ಯ ಹುಟ್ಟುವುದು ಯಾವ ತಿಂಗಳಾದರೂ ಏಳರ ಆಸುಪಾಸು, ಮುಳುಗುವುದು ಸಂಜೆ ಏಳರ ಆಸುಪಾಸು. ರಕ್ಷಿತ ಕಾಡುಗಳು ತೆರೆದಿರುವುದೂ ಬೆಳಗ್ಗೆ 7ರಿಂದ ಸಂಜೆ 7ರ ತನಕ ಮಾತ್ರ. ಅದಕ್ಕಿಂತ ಮುಂಚೆ ಓಡಲೇಬೇಕು ಅಂದರೆ ರಸ್ತೆಯಲ್ಲೋ ಪಾರ್ಕಿನಲ್ಲೋ ಓಡಿ.

ಇನ್ನೊಂದು ವಿಷಯ. ಬೆಳಗ್ಗೆ ಬೇಗ ಹೊರಟರೆ ಬಿಸಿಲು ತಪ್ಪುತ್ತದೆ, ತೇವ ತಪ್ಪುವುದಿಲ್ಲ. ಬೆಳಗಿನ ಜಾವ ಗಾಳಿಯ ತೇವಾಂಶ ಶೇ. 90 ದಾಟಿರುತ್ತದೆ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಇಷ್ಟು ತೇವದಲ್ಲಿ ಅದು ಆರುವುದಿಲ್ಲ, ಸುಮ್ನೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ. ಹಾಗಾಗಿ ಬೆಂಗಳೂರಿನ ವೇಗವನ್ನು ಇಲ್ಲಿಗೆ ತರಬೇಡಿ. ಕಿಲೋಮೀಟರಿಗೆ ಒಂದು ನಿಮಿಷ ಜಾಸ್ತಿ ಆದರೂ ಆಗಲಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿ. ಆಗದಿದ್ದರೆ ನಡೆಯಿರಿ. ಮೈ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ದಿನಾ ಸ್ವಲ್ಪ ಸ್ವಲ್ಪ ಬೆವರು ಹರಿಸಿ, ವಾರಾಂತ್ಯಕ್ಕೆ ಅಂತ ಎಲ್ಲ ಕೂಡಿಡಬೇಡಿ. ನಾಲ್ಕು ದಿನಕ್ಕೆ ಅಂತ ಬಂದವರು ಓಡುವ ಆಸೆ ಬಿಟ್ಟು ಆರಾಮಾಗಿ ನಡೆಯುವುದೇ ಒಳ್ಳೆಯದು.

ಫೋನಿನಲ್ಲಿ ಸರ್ಕಾರದ ಮೈಇಎನ್‌ವಿ ಆ್ಯಪ್ ಹಾಕಿಕೊಳ್ಳಿ. ಮಳೆ, ಸಿಡಿಲು, ಹೊಗೆಮಂಜಿನ ಜೊತೆಗೆ ಡಬ್ಲ್ಯುಬಿಜಿಟಿ ಅನ್ನುವ ಒಂದು ಅಂಕಿಯೂ ಅದರಲ್ಲಿ ಸಿಗುತ್ತದೆ. ಉಷ್ಣಾಂಶ, ತೇವ, ಗಾಳಿ, ಬಿಸಿಲು ನಾಲ್ಕನ್ನೂ ಸೇರಿಸಿ ಮೈಗೆ ಎಷ್ಟು ತಾಪ ಅಂತ ಹೇಳುವ ಲೆಕ್ಕ ಅದು. 31ಕ್ಕಿಂತ ಕಡಿಮೆ ಇದ್ದರೆ ಓಡಬಹುದು. 31ರಿಂದ 33ರ ನಡುವೆ ಇದ್ದರೆ ನಾನು ದೂರ ಅರ್ಧ ಮಾಡುತ್ತೇನೆ. 33 ದಾಟಿದರೆ ಓಟ ಇಲ್ಲ, ಅಷ್ಟೇ.

ನೀರು ಮತ್ತು ಉಪ್ಪು

ಎಷ್ಟು ನೀರು ಕುಡಿಯಬೇಕು ಅನ್ನುವುದಕ್ಕೆ ಊಹೆ ಬೇಡ. ಓಡುವ ಮುಂಚೆ ತೂಕ ನೋಡಿ. ಒಂದು ಗಂಟೆ ಓಡಿ ಬಂದು, ಮೈ ಒರೆಸಿಕೊಂಡು, ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು ಹೋಗಿದೆ ಅಂತ. ಮಧ್ಯೆ ಕುಡಿದ ನೀರನ್ನೂ ಅದಕ್ಕೆ ಸೇರಿಸಿಕೊಳ್ಳಿ. ಇಲ್ಲಿಯ ಹವೆಯಲ್ಲಿ ಗಂಟೆಗೆ ಒಂದು ಲೀಟರ್ ಮೀರಿ ಬೆವರುವುದು ಏನೂ ವಿಶೇಷವಲ್ಲ. ಬೆವರಿದಷ್ಟೂ ಓಡುತ್ತಲೇ ಕುಡಿದು ತುಂಬಿಸಬೇಕು ಅಂತಿಲ್ಲ. ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಿರಿ, ಉಳಿದದ್ದನ್ನು ಮನೆಗೆ ಬಂದ ಮೇಲೆ ತುಂಬಿಸಿಕೊಳ್ಳಿ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆನೋವು, ವಾಂತಿ ಶುರುವಾಗಬಹುದು, ಅದು ಅಪಾಯ.

ನನ್ನ ಬಾಟಲಿಯಲ್ಲಿ ಪುನರ್ಪುಳಿ (ಕೋಕಂ) ಶರಬತ್ತು ಇರುತ್ತದೆ. ಊರಿಂದ ಬರುವವರ ಬ್ಯಾಗಿನಲ್ಲಿ ಒಣಗಿಸಿದ ಸಿಪ್ಪೆ ತರಿಸಿಕೊಳ್ಳುತ್ತೇನೆ. ರಾತ್ರಿ ನೆನೆಹಾಕಿ, ಬೆಳಗ್ಗೆ ಸೋಸಿ, ಸ್ವಲ್ಪ ಬೆಲ್ಲ, ಎರಡು ಚಿಟಿಕೆ ಉಪ್ಪು. ಅದು ಇಲ್ಲದ ದಿನ ನಿಂಬೆ ಪಾನಕ. ಅಂಗಡಿಯಲ್ಲಿ ಸಿಗುವ 100 ಪ್ಲಸ್ ಅನ್ನುವ ಪಾನೀಯ ಕೂಡ ಆಗುತ್ತದೆ, ನನ್ನ ನಾಲಿಗೆಗೆ ಅದು ಸಿಹಿ ಜಾಸ್ತಿ. ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ನೀರು, ಉಪ್ಪು, ಅನ್ನ ಮೂರೂ ಒಂದೇ ಬಟ್ಟಲಿನಲ್ಲಿ. ಓಡಿ ಬಂದ ಹೊಟ್ಟೆಗೆ ಇದಕ್ಕಿಂತ ಹಿತವಾದದ್ದು ನನಗೆ ಗೊತ್ತಿಲ್ಲ.

ತಲೆ ಸುತ್ತು, ಸೆಕೆಯಲ್ಲೂ ಚಳಿ ಬಂದಂತೆ ಮೈ ನವಿರೇಳುವುದು, ಮಾತು ತಡವರಿಸುವುದು: ಇವುಗಳಲ್ಲಿ ಒಂದು ಕಂಡರೂ ನಿಲ್ಲಿ. ನೆರಳಿಗೆ ಹೋಗಿ, ತಲೆ, ಕುತ್ತಿಗೆ, ಕಂಕುಳಿಗೆ ನೀರು ಸುರಿದುಕೊಳ್ಳಿ. ಜೊತೆಗಿರುವವರು ಗೊಂದಲದಲ್ಲಿ ಏನೇನೋ ಮಾತಾಡಲು ಶುರು ಮಾಡಿದರೆ ತಡ ಮಾಡದೆ 995ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುತ್ತದೆ. ದಾರಿಯಲ್ಲಿರುವ ಗುರುತು ಫಲಕಗಳನ್ನು ಓಡುವಾಗಲೇ ಗಮನಿಸುತ್ತಾ ಇರಿ. ಕಾಡಿನೊಳಗೆ ಎಲ್ಲಿದ್ದೀರಿ ಅಂತ ಹೇಳಲು ಅದೇ ಆಧಾರ.

ಯಾವ ದಾರಿ ಯಾರಿಗೆ

ಮೊದಲ ತಿಂಗಳು ರೈಲ್ ಕಾರಿಡಾರ್ ಸಾಕು. ಮಲೇಷ್ಯಾದ ರೈಲು ತಂಜೊಂಗ್ ಪಗಾರ್ ತನಕ ಬರುತ್ತಿದ್ದ ಹಳಿಯ ಜಾಗ ಇದು. 2011ರ ಜೂನ್ 30ಕ್ಕೆ ಆ ರೈಲು ನಿಂತಿತು, ಹಳಿ ತೆಗೆದರು, ಉತ್ತರದ ವುಡ್‌ಲ್ಯಾಂಡ್ಸ್ ತನಕ 24 ಕಿ.ಮೀ. ಉದ್ದದ ಹಸಿರು ದಾರಿ ಉಳಿಯಿತು. ರೈಲು ಓಡಿದ ನೆಲವಾದ್ದರಿಂದ ಏರಿಳಿತ ಬಹಳ ಕಡಿಮೆ. ಎಲ್ಲಿ ಸಾಕು ಅನ್ನಿಸಿತೋ ಅಲ್ಲೇ ಹತ್ತಿರದ ರಸ್ತೆಗೆ ಇಳಿದು ಬಸ್ಸೋ ರೈಲೋ ಹಿಡಿಯಬಹುದು. ಹೊಸಬರಿಗೆ ಇದೇ ದೊಡ್ಡ ಧೈರ್ಯ. ಕಿಂಗ್ ಆಲ್ಬರ್ಟ್ ಪಾರ್ಕ್ ಎಂಆರ್‌ಟಿಯಲ್ಲಿ ಇಳಿದರೆ ಹಳೇ ಬುಕಿತ್ ತಿಮಾ ರೈಲು ನಿಲ್ದಾಣ ಹತ್ತಿರ. ಅಲ್ಲಿಂದ ಉತ್ತರಕ್ಕೆ ಓಡಿ. ಕಬ್ಬಿಣದ ಹಳೇ ಸೇತುವೆಯೂ ಸಿಗುತ್ತದೆ. ನೆರಳಿಲ್ಲದ ಕಡೆ ಜಾಸ್ತಿ ಇದೆ, ಒಂಬತ್ತರೊಳಗೆ ಮುಗಿಸಿ.

ಮೈ ಒಗ್ಗಿದ ಮೇಲೆ ಮ್ಯಾಕ್‌ರಿಚಿ. ನನಗೆ ಈ ಊರು ನನ್ನದು ಅನ್ನಿಸಿದ್ದು ಇಲ್ಲಿ ಓಡಲು ಶುರು ಮಾಡಿದ ಮೇಲೆಯೇ. ಊರಿಗೆ ಕುಡಿಯುವ ನೀರಿಗೆಂದು 1868ರಲ್ಲಿ ಕಟ್ಟಿದ ಜಲಾಶಯ, ಅದರ ಸುತ್ತ ಕಾಡು. ಪೂರ್ತಿ ಸುತ್ತು ಸುಮಾರು 11 ಕಿ.ಮೀ. ಶುರುವಿನ ಲಾರ್ನಿ ಟ್ರೇಲ್ ಅಗಲವಾದ ದಾರಿ, ಒಂದು ಬದಿಗೆ ನೀರು ಕಾಣುತ್ತಾ ಇರುತ್ತದೆ. ಇಲ್ಲಿ ಕಾಲು ಹಗುರಾಗಿ ಓಡುತ್ತದೆ, ಅದಕ್ಕೇ ಎಲ್ಲರೂ ಇಲ್ಲೇ ಶಕ್ತಿ ಖರ್ಚು ಮಾಡಿಬಿಡುತ್ತಾರೆ. ಮಾಡಬೇಡಿ. ಮುಂದೆ ಬೇರು, ಕಲ್ಲು, ಸಣ್ಣ ಸಣ್ಣ ಏರು ಕಾಯುತ್ತಿವೆ. ಒಂದೂ ದೊಡ್ಡ ಏರಲ್ಲ, ಆದರೆ ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬರುತ್ತದೆ. ಏರಿನಲ್ಲಿ ನಡೆಯಿರಿ, ಸಮತಟ್ಟಿನಲ್ಲಿ ಓಡಿ, ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಿ ಇಡಿ. ಕಣ್ಣು ಪಾದದ ಮೇಲೆ ಬೇಡ, ನಾಲ್ಕೈದು ಹೆಜ್ಜೆ ಮುಂದೆ ಇರಲಿ.

ದಾರಿಯಲ್ಲಿ ಟ್ರೀಟಾಪ್ ವಾಕ್‌ನ ರೇಂಜರ್ ಸ್ಟೇಷನ್ ಸಿಗುತ್ತದೆ. ಬಾಟಲಿ ತುಂಬಿಸಿಕೊಳ್ಳುವ ಜಾಗ ಅದು. ಅಲ್ಲಿಂದ ಮುಂದೆ 250 ಮೀಟರ್ ಉದ್ದದ ತೂಗುಸೇತುವೆ. ಮರಗಳ ನೆತ್ತಿಯ ಮಟ್ಟದಲ್ಲಿ ನಡೆಯುತ್ತೀರಿ. ಒಂದೇ ದಿಕ್ಕಿನ ಓಡಾಟ, ಇಕ್ಕಟ್ಟು, ಅಲ್ಲಿ ಓಡುವ ಹಾಗಿಲ್ಲ. ಓಡುವ ಮನಸ್ಸೂ ಬರುವುದಿಲ್ಲ ಬಿಡಿ. ಸೋಮವಾರ, ಸರ್ಕಾರಿ ರಜೆ ಇದ್ದರೆ ಬಿಟ್ಟು, ಸೇತುವೆ ಮುಚ್ಚಿರುತ್ತದೆ. ಹಾಗಾಗಿ ಸೋಮವಾರ ಸುತ್ತು ಹಾಕುವ ಯೋಚನೆ ಬೇಡ. ಹನ್ನೊಂದು ಕಿ.ಮೀ. ಜಾಸ್ತಿ ಅನ್ನಿಸಿದರೆ ವೀನಸ್ ಡ್ರೈವ್ ಕಡೆಯಿಂದ ಒಳಗೆ ಬಂದು ಸೇತುವೆ ನೋಡಿ ಹೊರಗೆ ಹೋಗಬಹುದು.

ಬುಕಿತ್ ತಿಮಾ ಚಿಕ್ಕದು, ಕಡಿದು. ಬ್ಯೂಟಿ ವರ್ಲ್ಡ್ ಎಂಆರ್‌ಟಿಯಿಂದ ನಡೆದೇ ಹೋಗಬಹುದು. ಡಾಂಬರು ಹಾಕಿದ ಮುಖ್ಯ ದಾರಿಯ ಏರು ಶುರುವಿನಲ್ಲೇ ಉಸಿರು ಕಟ್ಟಿಸುತ್ತದೆ. ಬೆಟ್ಟದ ಓಟಕ್ಕೆ ತಯಾರಾಗುವವರು ಇದನ್ನೇ ಮತ್ತೆ ಮತ್ತೆ ಹತ್ತಿ ಇಳಿಯುತ್ತಾರೆ. ಊರಲ್ಲಿ ಚಾರ್ಮಾಡಿ ಕಡೆಯ ಚಾರಣ ಇದೆ ಅಂತಾದರೆ ನಾನೂ ಹಾಗೇ ಮಾಡುತ್ತೇನೆ. ಇಳಿಯುವಾಗ ಮಂಡಿ ನೋಡಿಕೊಳ್ಳಿ.

ಅಪ್ಪ ಅಮ್ಮ ಬಂದಾಗ ಸದರ್ನ್ ರಿಡ್ಜಸ್‌ಗೆ ಕರೆದುಕೊಂಡು ಹೋಗಿ. ಮೌಂಟ್ ಫೇಬರ್‌ನಿಂದ ಕೆಂಟ್ ರಿಡ್ಜ್ ಕಡೆಗೆ ಗುಡ್ಡದಿಂದ ಗುಡ್ಡಕ್ಕೆ ಸೇತುವೆ ಕಟ್ಟಿ ಜೋಡಿಸಿದ ದಾರಿ. ನನ್ನ ಅಮ್ಮ ಸೀರೆಯಲ್ಲೇ ಹೆಂಡರ್ಸನ್ ವೇವ್ಸ್ ಸೇತುವೆ ದಾಟಿ ಫಾರೆಸ್ಟ್ ವಾಕ್ ತನಕ ಬಂದರು. ಹೆಂಡರ್ಸನ್ ವೇವ್ಸ್ ರಸ್ತೆಯಿಂದ 36 ಮೀಟರ್ ಎತ್ತರದಲ್ಲಿದೆ, ಹಾಸು ಮರದ್ದು, ಮಳೆ ಬಂದರೆ ಜಾರುತ್ತದೆ. ಹಾರ್ಬರ್‌ಫ್ರಂಟ್ ಕಡೆಯಿಂದ ಮರಾಂಗ್ ಟ್ರೇಲ್‌ನ ಮೆಟ್ಟಿಲು ಹಿರಿಯರಿಗೆ ಕಷ್ಟ. ಟ್ಯಾಕ್ಸಿಯಲ್ಲಿ ಫೇಬರ್ ಮೇಲಕ್ಕೇ ಹೋಗಿ, ಅಲ್ಲಿಂದ ನಡೆಸಿ.

ಪುಲಾವ್ ಉಬಿನ್ ದ್ವೀಪಕ್ಕೆ ಇಡೀ ದಿನ ಇಟ್ಟುಕೊಳ್ಳಿ. ಚಾಂಗಿ ಪಾಯಿಂಟ್‌ನಲ್ಲಿ 12 ಜನ ಆದ ಮೇಲೆ ದೋಣಿ ಹೊರಡುತ್ತದೆ. ಚಿಲ್ಲರೆ ಹಣ ಕೈಯಲ್ಲಿರಲಿ.

ಮಂಗ, ಹಂದಿ, ಸಿಡಿಲು

ಮಂಗಗಳಿಗೆ ಪ್ಲಾಸ್ಟಿಕ್ ಚೀಲ ಅಂದರೆ ತಿಂಡಿ ಅಂತಲೇ ಲೆಕ್ಕ. ಕೈಯಲ್ಲಿ ಚೀಲ ಹಿಡಿಯಬೇಡಿ, ತಿಂಡಿಯನ್ನು ಜಿಪ್ ಇರುವ ಬ್ಯಾಗಿನೊಳಗೆ ಇಡಿ. ಗುಂಪು ಎದುರಾದರೆ ಓಟ ನಿಲ್ಲಿಸಿ ನಿಧಾನವಾಗಿ ನಡೆದು ದಾಟಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಾಣಿಸಬೇಡಿ. ಊರಲ್ಲಿ ದೇವಸ್ಥಾನದ ಮುಂದೆ ಬಾಳೆಹಣ್ಣು ಕೊಡುವ ರೂಢಿ ನಮಗಿದೆ, ಇಲ್ಲಿ ಅದು ಅಪರಾಧ. ಮೊದಲ ಸಲವೇ 5,000 ಡಾಲರ್ ತನಕ ದಂಡ. ದಂಡ ಇಲ್ಲದಿದ್ದರೂ ನಾನು ಬೇಡ ಅಂತಲೇ ಹೇಳುತ್ತಿದ್ದೆ. ತಿಂಡಿಯ ರುಚಿ ಹತ್ತಿದ ಮಂಗ ಮುಂದಿನ ಮಗುವಿನ ಕೈಗೆ ಹಾರುತ್ತದೆ, ಕೊನೆಗೆ ತೊಂದರೆ ಅದಕ್ಕೇ. ಕಾಡುಹಂದಿ ಕಂಡರೆ ಹಿಂದೆ ಸರಿದು ದಾರಿ ಬಿಡಿ, ಮರಿಗಳಿದ್ದರಂತೂ ಇನ್ನೂ ದೂರ ಇರಿ.

ಗುರುತಿಲ್ಲದ ಅಡ್ಡದಾರಿಗೆ ನುಗ್ಗಬೇಡಿ. ಚಿಪ್ಪುಹಂದಿ, ಹಾರುವ ಲೀಮರ್‌ಗಳಿಗೆ ಉಳಿದಿರುವುದು ಇಷ್ಟೇ ಇಷ್ಟು ಕಾಡು. ನಮಗೆ ಅಂತ ಮಾಡಿಕೊಟ್ಟ ದಾರಿ ಬೇಕಾದಷ್ಟಿದೆ.

ಇಲ್ಲಿ ಸಿಡಿಲು ಬಹಳ. ಮಧ್ಯಾಹ್ನದ ಗುಡುಗು ಮಳೆ ಎಲ್ಲರಿಗೂ ಗೊತ್ತು. ಆದರೆ ಏಪ್ರಿಲ್‌ನಿಂದ ನವೆಂಬರ್ ತನಕ ಸುಮಾತ್ರಾ ಕಡೆಯಿಂದ ಬೆಳಗಿನ ಜಾವವೇ ಬಿರುಗಾಳಿ ಮಳೆ ನುಗ್ಗುವುದುಂಟು. ಮನೆ ಬಿಡುವ ಮುಂಚೆ ಆ್ಯಪ್‌ನಲ್ಲಿ ಪಶ್ಚಿಮದ ಕಡೆ ನೋಡಿ. ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ, ನೀರಿನ ಅಂಚಿನಲ್ಲಿ ನಿಲ್ಲಬೇಡಿ. ಮಳೆ ನಿಂತ ಮೇಲೂ ಹುಷಾರು. ನೀರು ಕುಡಿದು ಭಾರವಾದ ಕೊಂಬೆಗಳು ಬೀಳುತ್ತವೆ, ಮರದ ಹಲಗೆ ದಾರಿಯಲ್ಲಿ ಪಾಚಿ ಜಾರುತ್ತದೆ.

ಶೂ ಬಗ್ಗೆ

ಅಡಿಯಲ್ಲಿ ಹಲ್ಲು ಇರುವ, ನೀರು ಬೇಗ ಹೊರಗೆ ಹೋಗುವ ಟ್ರೇಲ್ ಶೂ ತೆಗೆದುಕೊಳ್ಳಿ. ವಾಟರ್‌ಪ್ರೂಫ್ ಬೇಡ. ಹೊರಗಿನ ನೀರು ತಡೆದರೂ ಕಾಲಿನಿಂದ ಇಳಿದ ಬೆವರು ಒಳಗೇ ನಿಲ್ಲುತ್ತದೆ. ಕಾಲ್ಚೀಲ ಹತ್ತಿಯದ್ದು ಬೇಡ, ಗುಳ್ಳೆ ಏಳುತ್ತದೆ. ತೊಡೆ, ಕಂಕುಳು, ಕಾಲ್ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ. ಬಂದ ಕೂಡಲೇ ಶೂ ಒಳಗಿನ ಅಟ್ಟೆ ಎಳೆದು ಬೇರೆ ಒಣಗಿಸಿ, ಶೂಗೆ ಹಳೇ ಪೇಪರ್ ತುರುಕಿ, ಎರಡು ಗಂಟೆ ಆದ ಮೇಲೆ ಪೇಪರ್ ಬದಲಿಸಿ, ಫ್ಯಾನ್ ಕೆಳಗೆ ಇಡಿ. ಈ ತೇವದಲ್ಲಿ ಒಂದು ರಾತ್ರಿಗೆ ಒಣಗುವುದು ಕಷ್ಟ. ದಿನ ಬಿಟ್ಟು ದಿನ ಹಾಕಲು ಎರಡು ಜೊತೆ ಇಟ್ಟುಕೊಳ್ಳಿ.